ಮುತ್ತಜ್ಜನ ಎಲೆಗೆ ಸಿಗಡಿ

ನಾವು ತುಳುನಾಡಿನವರು; ನಮ್ಮಲ್ಲಿ ಸತ್ತವರಿಗೂ ಕೋಳಿ, ಮೀನು ಬೇಕು. ವರ್ಷಕ್ಕೊಮ್ಮೆ ಅವರಿಗೆ ಬಾಳೆಯೆಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿ, ಉಂಡಿರಬಹುದು ಎಂದು ಅಂದಾಜಾದ ಮೇಲೆ ತೆಗೆದು ನಾವು ಉಣ್ಣುವುದು. ಅಬುಧಾಬಿಗೆ ಬಂದ ಮೇಲೂ ಅಜ್ಜಿ ಇದನ್ನು ತಪ್ಪಿಸಿಲ್ಲ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಮಾವನ ಫ್ಲ್ಯಾಟಿನ ಬೆಡ್‌ರೂಮಿನಲ್ಲಿ, ಹೋದವರಿಗೆ ಸೆಕೆಯಾಗಬಾರದೆಂದು ಎಸಿ ಹಾಕಿಟ್ಟು ಬಡಿಸುತ್ತಾಳೆ. ಅವಳ ಅಪ್ಪನ, ಅಂದರೆ ನನ್ನ ಮುತ್ತಜ್ಜನ ಎಲೆಯಲ್ಲಿ ಮಾತ್ರ ಸಿಗಡಿಯ ಗುಡ್ಡೆ.

ಮುತ್ತಜ್ಜ ಪೋಲೆಂಡಿನಿಂದ ಓಡಿಬಂದ ಯಹೂದಿ. ಮಂಗಳೂರಿನಲ್ಲಿ ವಾಚ್ ರಿಪೇರಿ ಮಾಡಿಕೊಂಡು, ನಮ್ಮವರೊಬ್ಬಳನ್ನು ಮದುವೆಯಾಗಿ, ಅಜ್ಜಿ ಚಿಕ್ಕವಳಿರುವಾಗಲೇ ತೀರಿಕೊಂಡ. ಅವನ ಕಡೆಯಿಂದ ಉಳಿದದ್ದು ಒಂದೇ ಫೋಟೋ. ಗಡ್ಡದ ಗಂಡಸರ ಸಾಲು. ತಲೆಯ ಮೇಲೆ ಬೆಕ್ಕು ಸುರುಳಿ ಸುತ್ತಿ ಮಲಗಿದಂಥ ತುಪ್ಪಳದ ಟೋಪಿಗಳು. ಮುಂದೆ, ಕೆನ್ನೆಯ ಪಕ್ಕ ಕೂದಲ ಸುರುಳಿ ಇಳಿಬಿಟ್ಟುಕೊಂಡು ಒಬ್ಬ ಹುಡುಗ. ಅವನೇ ಮುತ್ತಜ್ಜ. ಅಜ್ಜಿ ಇಡುತ್ತ ಬಂದ ಕುಂಕುಮ ಅವನ ಹಣೆಯಲ್ಲಿ ಗಾಯದ ಹಕ್ಕಳೆಯಂತೆ ಗಟ್ಟಿಯಾಗಿದೆ. ಗಾಜಿನೊಳಗೆ ಜಿರಳೆಯ ಹಿಕ್ಕೆ.

ಆ ಟೋಪಿಗಳನ್ನು ನಂಬಿ ನಾನು ಶಾಲೆಯಲ್ಲಿ ರಾಜವಂಶದವನೆಂದು ಸಾರಿಕೊಂಡಿದ್ದೆ. ಕಿರೀಟ ಎಲ್ಲಿ ಎಂದು ಕೇಳಿದವರಿಗೆ, ಚಳಿದೇಶದಲ್ಲಿ ಚಿನ್ನ ಹಾಕಿದರೆ ಶೀತವಾಗುತ್ತದೆ ಎಂದಿದ್ದೆ.

ಈಗ ದುಬೈಯ ಕೇಟರಿಂಗ್ ಕಂಪನಿಯೊಂದರಲ್ಲಿ ಕೋಆರ್ಡಿನೇಟರ್ ಆಗಿದ್ದೇನೆ. ಎಲ್ಲರ ಬೈಗುಳ ಬಂದು ಸೇರುವ ಹುದ್ದೆ. ಈ ಸಲ ಯಹೂದಿ ಮದುವೆಯೊಂದರ ಆರ್ಡರ್ ಬಂತು. ಅಡುಗೆ ಅವರ ಧರ್ಮದಂತೆ ನಡೆಯುತ್ತದೋ ಎಂದು ನೋಡಲು ಕಪ್ಪು ಟೋಪಿಯ ರಬ್ಬಿಯೊಬ್ಬರು ಬಂದರು. ಬೆಳಗಿನಿಂದ ಒಲೆ ಕಾಯಿಸಿ, ಕಟ್ಟೆಗೆ ಕುದಿನೀರು ಸುರಿಸಿ, ಇಡೀ ಅಡುಗೆಮನೆ ಶುದ್ಧ ಮಾಡಿಸಿದರು. ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ನಾನು ಬುತ್ತಿ ಬಿಚ್ಚಿದೆ. ದುಬೈಯ ನೈಫ್ ಬಡಾವಣೆಯ ನನ್ನ ರೂಮಿನಲ್ಲಿ ಮಾಡಿದ, ವ್ಯಾನಿನ ಬಿಸಿಲಲ್ಲಿ ಬೆವೆತ ಸಿಗಡಿ ಸುಕ್ಕ. ಮುಚ್ಚಳ ತೆಗೆದದ್ದೇ ನಾನೇ ಮೂಗು ಮುಚ್ಚಿಕೊಂಡೆ. ರಬ್ಬಿಯ ಮುಖ ನೋಡಿದೆ. ದೇವರ ಕೋಣೆಯಲ್ಲಿ ಕಕ್ಕಸಿನ ಬಕೆಟ್ ಮಗುಚಿದವನನ್ನು ನೋಡುವ ಮುಖ.

"ಖಲಾಸ್! ಎಲ್ಲ ಪುನಃ ತೊಳೀಬೇಕು," ಎಂದು ಊರ ಕಡೆಯವನೇ ಆದ ನಮ್ಮ ಹೆಡ್ ಕುಕ್ ತಲೆ ಚಚ್ಚಿಕೊಂಡ. "ಮಾರಾಯ, ಮೊದಲು ನಿನ್ನನ್ನು ತೊಳೀಬೇಕು."

ರಾಜಿ ಮಾಡಿಕೊಳ್ಳಲೆಂದು ನಾನು ಫೋನಿನಲ್ಲಿದ್ದ ಆ ಫೋಟೋ ತೋರಿಸಿ, ನಾನೂ ನಿಮ್ಮವನೇ ಎಂದೆ. ರಬ್ಬಿ ಮೂಗಿಗೆ ಹಿಡಿದ ಕರವಸ್ತ್ರ ತೆಗೆಯದೆಯೇ ಬಗ್ಗಿದರು. ನೋಡುತ್ತ ನೋಡುತ್ತ ತೆಗೆದರು. ಇವರು ಹಸೀದಿಗಳು, ಯಹೂದಿಗಳಲ್ಲೇ ಬಹಳ ಕಟ್ಟುನಿಟ್ಟಿನ ಭಕ್ತ ಪಂಥ, ಎಂದರು. ಈ ಟೋಪಿಯನ್ನು ಮದುವೆಯಾದ ಗಂಡಸರು ವಾರದ ಪವಿತ್ರ ದಿನಕ್ಕೆ, ಹಬ್ಬಕ್ಕೆ, ಮದುವೆಗೆ ಹಾಕುತ್ತಾರಂತೆ. ಪವಿತ್ರ ದಿನ ಫೋಟೋ ತೆಗೆಸುವಂತಿಲ್ಲ. ಹಾಗಾಗಿ ಇದು ಮದುವೆಮನೆಯೇ ಇರಬೇಕಂತೆ. ಆಮೇಲೆ ಅವರ ಕಣ್ಣು ನನ್ನ ಬುತ್ತಿಯ ಮೇಲೆ ಬಿತ್ತು.

"ಈ ಹುಡುಗ ಬೆಳೆದ ಮನೆಯಲ್ಲಿ ಇದು ಆಹಾರವೇ ಅಲ್ಲ," ಎಂದರು. "ಹೊಲಸು."

ಎಲೆ ಹಾಕುವ ದಿನ ಅಬುಧಾಬಿಗೆ ಹೋದೆ. ಅಜ್ಜಿ ಸಿಂಕಿನ ಮುಂದೆ ನಿಂತು ಸಿಗಡಿಯ ಬೆನ್ನಿನ ಕಪ್ಪು ನರ ಎಳೆಯುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ಅಜ್ಜೀ, ಮುತ್ತಜ್ಜನಿಗೆ ಸಿಗಡಿ ಅಂದ್ರೆ ಅಸಹ್ಯ ಅಂತೆ. ಅವರ ಪೈಕಿ ಮುಟ್ಲಿಕ್ಕೇ ಇಲ್ಲ."

"ಎಂತ ಮಾತಾಡ್ತಿ ನೀನು? ಅಪ್ಪನಿಗೆ ಸಿಗಡಿ ಅಂದ್ರೆ ಜೀವ. ಆದ್ರೂ ಒಂದು ತುಂಡು ಬಾಯಿಗೆ ಹಾಕ್ತಿರ್ಲಿಲ್ಲ. ಅಮ್ಮ ಬಡಿಸಿದ್ದೆಲ್ಲ ನನ್ನ ಬಟ್ಟಲಿಗೇ ಹಾಕ್ತಿದ್ರು. ಅಷ್ಟು ಪ್ರೀತಿ…"

ಅಜ್ಜಿ ನಲ್ಲಿ ನಿಲ್ಲಿಸಿದಳು. ತನ್ನ ಬೆರಳುಗಳನ್ನು ಮೂಸಿ ನೋಡಿ ಮುಖ ಹಿಂಡಿದಳು.

"ಅಂದ್ರೆ ಹೇಸಿಗೆ ಆಗಿ ನಂಗೆ ಹಾಕಿದ್ದಾ? ಸತ್ತ ಮೇಲಾದ್ರೂ ಬಿಟ್ನಾ ನಾನು! ಮುಖದೆದುರು ತಂದಿಟ್ಟು, ಓಡದ ಹಾಗೆ ಬಾಗಿಲು ಬೇರೆ ಹಾಕಿ…"

"ಪ್ರೇತಕ್ಕೆ ಬಾಗಿಲು ಅಡ್ಡ ಆಗುದಿಲ್ಲ ಅಜ್ಜೀ," ಎಂದು ಸಮಾಧಾನ ಮಾಡಿದೆ. ಅದೇ ಕೈಯಿಂದ ತಲೆಗೊಂದು ಬಿತ್ತು. ಸಿಗಡಿಯ ನೀರು ಕುತ್ತಿಗೆಯಿಂದ ಅಂಗಿಯೊಳಗೆ ಇಳಿದು ಬೆನ್ನಿಗೆ ಅಂಟಿತು. ಥೂ.

ಮಾವ ಬಂದ. "ಅಮ್ಮ, ಮಾರ್ಕೆಟಿಗೆ ಹೋಗಿ ಒಂದೊಂದೇ ಆರಿಸಿ ತಂದದ್ದು. ಇವನ ಮಾತು ಕೇಳ್ತೀರಾ? ಇವನು ರಾಜವಂಶದವನಲ್ವಾ?"

"ನೀನು ಸುಮ್ನಿರು. ಅದನ್ನೆಲ್ಲ ಹೊರಗೆ ಹಾಕು. ಅಪ್ಪನಿಗೆ ಕೋಳಿ ಸಾಕು."

"ಕೋಳಿಯೂ ಅವರ ಕ್ರಮದಲ್ಲೇ ಕೊಯ್ದಿರ್ಬೇಕು ಅಜ್ಜೀ," ಎಂದೆ, ತಲೆಗೆ ಕೈ ಅಡ್ಡ ಹಿಡಿದು.

"ಹಾಗಾದ್ರೆ ಅದೂ ಬೇಡ."

ಉಳಿದವರ ಎಲೆಗಳಿಗೆ ಕೋಳಿ, ಮೀನು ಬಿದ್ದವು. ಅವಳ ಅಪ್ಪನ ಎಲೆಯನ್ನು ಬೇರೆಯೇ ಮೂಲೆಗೆ ಎಳೆದು, ಅನ್ನ, ಬಾಳೆಹಣ್ಣು, ಕಾಯಿಬೆಲ್ಲ ಕಲಸಿದ ಅವಲಕ್ಕಿ ಬಡಿಸಿ ಬಾಗಿಲು ಹಾಕಿದಳು. ಸ್ವಲ್ಪ ಹೊತ್ತಿಗೆ ಹಸಿದ ಮಾವ ಹಿಡಿಕೆಗೆ ಕೈ ಹಾಕಿದ. "ಆಯ್ತಲ್ಲ, ತೆಗೆಯುವಾ?"

ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಈಗ್ಲೇ ಬೇಡ. ಇಷ್ಟು ವರ್ಷ ಬಂದು ಹಸ್ಕೊಂಡೇ ಹೋಗಿದ್ದಾರೆ. ಇವತ್ತು ನಿಧಾನಕ್ಕೆ ಉಣ್ಲಿ."