ಹಣಿಗೆಯಲ್ಲಿ ಉಳಿದ ಕೂದಲು

ಹಣಿಗೆಯಲ್ಲಿ ಕೂದಲು ಬಿಟ್ಟು ಏಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದು ನನ್ನ ಸಣ್ಣತನವೆಂದು ನೀವು ಅಂದುಕೊಂಡರೂ ಅಡ್ಡಿಯಿಲ್ಲ; ಹಲ್ಲಿನ ನಡುವೆ ಸಿಕ್ಕಿದ್ದನ್ನು ಬಿಡಿಸಿ, ಬೆರಳಿಗೆ ಸುತ್ತಿ ಎಸೆಯುವಷ್ಟು ಪುರುಸೊತ್ತಿಲ್ಲದವರು ತಲೆಯನ್ನಾದರೂ ಏಕೆ ಬಾಚಿಕೊಳ್ಳಬೇಕು ಎಂದು ಮದುವೆಯಾದ ಹೊಸತರಲ್ಲಿ ನಾದಿನಿಯರ ಎದುರಿಗೇ ಕೇಳಿ ಹೆಸರು ಕೆಡಿಸಿಕೊಂಡವಳು ನಾನು. ಆದರೆ ವಾಡಿಯಲ್ಲಿ ನನ್ನ ಅಣ್ಣ ಮಲ್ಲಣ್ಣನ ಮನೆಯ ಗೋಡೆಯ ಗೂಡಿನಲ್ಲಿ ಒಂದು ಕಟ್ಟಿಗೆಯ ಹಣಿಗೆಯಿದೆ. ಬಹಳ ಕಾಲ ಅದು ಒಂದೆಳೆ ಕೂದಲೂ ಇಲ್ಲದೆ ಸ್ವಚ್ಛವಾಗಿ ಬಿದ್ದಿತ್ತು, ಅದನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಅಣ್ಣನದು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅತ್ತಿಗೆ ಅಂಗನವಾಡಿಗೆ ಬೇಗ ಹೊರಡುವವಳಾದ್ದರಿಂದ ಮಗಳು ಶರಣಿಯ ಜಡೆ ಹೆಣೆಯುವುದು ಅವನ ಪಾಲಿಗೆ ಬಂದಿತ್ತು. ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆದು, ಆ ಕಟ್ಟಿಗೆಯ ಹಣಿಗೆ ಹಿಡಿದು ಹೊಸ್ತಿಲ ಮೇಲೆ ಕೂರುವನು, ಶರಣಿ ಅವನ ಮೊಣಕಾಲಿನ ನಡುವೆ ಬಂದು ಕುಕ್ಕರಿಸುವಳು. ಸಿಕ್ಕು ಬಿಡಿಸುವ ವಿದ್ಯೆ ನಮ್ಮ ಮನೆಯಲ್ಲಿ ಅವನೊಬ್ಬನಿಗೇ ಗೊತ್ತು. ನಾವು ಹೆಂಗಸರು ಅವಸರದಲ್ಲಿ ಬುಡದಿಂದಲೇ ಹಣಿಗೆ ಎಳೆದು ಹುಡುಗಿಯ ಕಣ್ಣಲ್ಲಿ ನೀರು ತರಿಸಿದರೆ, ಅವನು ಒಂದು ಕೈಯಲ್ಲಿ ಬುಡವನ್ನು ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಮೇಲೆ ಬರುತ್ತಿದ್ದ. ಸಿಮೆಂಟಿನ ಧೂಳು ತಿಂದು ಒರಟಾದ ಆ ಕೈಗಳಿಗೆ ಅಷ್ಟು ನಯ ಎಲ್ಲಿಂದ ಬಂತೋ ನಾನರಿಯೆ.

ಕುಡಿತವೆಂಬುದು ಬಾಗಿಲು ಬಡಿದು ಬರುವ ಅತಿಥಿಯಲ್ಲ. ಅದು ಮನೆಯೊಳಗೆ ಕಾಲು ಚಾಚಿ ಮಲಗಿದ ಮೇಲೆಯೇ ನಮಗೆ ಕಾಣಿಸಿದ್ದು. ನಮ್ಮ ಕಡೆ ಕುಡಿತಕ್ಕೆ ಮದ್ದೆಂದರೆ ಆಣೆ. ಅವ್ವ ಅವನಿಗೆ ತಲೆಯ ಮೇಲೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ, ದೇವರ ಜಗುಲಿಯ ಮುಂದೆ ಶರಣಿಯ ತಲೆ ಮುಟ್ಟಿಸಿ ಆಣೆ ಮಾಡಿಸಿದಳು. ಅವನು ಅಳುತ್ತ ಮಾಡಿದ, ಮನಸಾರೆ ಮಾಡಿದ, ಮತ್ತು ಹಬ್ಬ ಬರುವಷ್ಟರಲ್ಲಿ ಮುರಿದ. ಆ ಮಳೆಗಾಲದಲ್ಲೇ ಹುಡುಗಿಗೆ ಡೆಂಗಿ ಜ್ವರ ಬಂತು. ಊರ ತುಂಬ ಜ್ವರವಿದ್ದರೂ ನೋಡಲು ಬಂದ ಓಣಿಯ ಹೆಂಗಸೊಬ್ಬಳು, "ಆಣಿ ತಟ್ಟೇದ ನೋಡ್ರಿ ಕೂಸಿಗೆ" ಎಂದುಬಿಟ್ಟಳು.

ಜ್ವರ ಇಳಿಯಿತು, ಆ ಮಾತು ಇಳಿಯಲಿಲ್ಲ. ಅಣ್ಣ ಮಗಳ ತಲೆ ಮುಟ್ಟುವುದನ್ನು ಬಿಟ್ಟ. ಅವಳಾಗಿ ಗೂಡಿನಿಂದ ಆ ಹಣಿಗೆ ಹಿಡಿದು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ತನ್ನ ಕೈಯಲ್ಲಿ ಕೇಡಿದೆ, ತಾನು ದೂರವಿದ್ದಷ್ಟೂ ಮಗಳು ಕ್ಷೇಮ ಎಂದು ನಂಬಿದವನು ಪಾಳಿ ಮುಗಿದರೂ ಮನೆಗೆ ಬಾರದೆ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗತೊಡಗಿದ. ಆ ಸಂಕಟ ಮರೆಯಲು ಮತ್ತಷ್ಟು ಕುಡಿದ. ಹೀಗೇ ಹೋದರೆ ಶರಣಿಗೆ ಅಪ್ಪನಿದ್ದೂ ಇಲ್ಲದಂತಾಗುತ್ತದೆಂದು ನಾನು ಹೆದರಿದೆ.

ನಾನಿರುವುದು ಚಿತ್ತಾಪುರದಲ್ಲಿ. ಇಲ್ಲಿನ ದವಾಖಾನೆಯ ಮೂಲೆಯ ಕೋಣೆಗೆ 'ಆಪ್ತ ಸಮಾಲೋಚನೆ' ಎಂಬ ಬೋರ್ಡಿದೆ. ಸರಕಾರಿ ಕೋಣೆಯಲ್ಲಿ ಆಪ್ತರು ಎಲ್ಲಿಂದ ಸಿಗಬೇಕೆಂದು ನಾನು ನಗುತ್ತಿದ್ದೆ. ಹೊಟ್ಟೆನೋವೆಂದು ಡಾಕ್ಟರಿಗೆ ತೋರಿಸಲು ಬಂದ ಅಣ್ಣನನ್ನು ಅವರು ಆ ಕೋಣೆಗೇ ಕಳಿಸಿದರು, ಜೊತೆಗೆ ನಾನೂ ಹೋದೆ. ಒಳಗಿದ್ದವರು ನಸೀಮಾ ಎಂಬ ನಡುವಯಸ್ಸಿನ ಹೆಣ್ಣುಮಗಳು. "ಬರ್ರಿ ಅಣ್ಣಾರ, ಕುಂದ್ರಿ" ಎಂದು ನೀರು ಕೊಟ್ಟರು. ಬಿಡುತ್ತೀಯೋ ಇಲ್ಲವೋ ಎಂದು ಕೇಳಲಿಲ್ಲ. "ಸೆರಿ ಕುಡದ್ರ ನಿಮಗ ಏನು ಛಲೋ ಅನಸ್ತದ?" ಎಂದರು.

ಅಣ್ಣ ಗ್ಲಾಸನ್ನು ಕೆಳಗಿಟ್ಟ. "ಮನಿಗಿ ಬಂದ್ರೂ ಕಿವ್ಯಾಗ ಮಶೀನ್ ನಿಂದ್ರಂಗಿಲ್ರೀ. ಕುಡದ್ರ ನಿಂದರ್ತದ. ಬಿಡಬೇಕು ಅನಸ್ತದ, ಬಿಡಬಾರದು ಅಂತನೂ ಅನಸ್ತದ."

"ಎರಡೂ ಖರೇನೇ ಅದಾವ. ಎರಡನ್ನೂ ಇಟಗೊಂಡೇ ಮಾತಾಡೋಣು. ಒಮ್ಮಿಗಿಲೇ ನಿಂದರ್ಸಬ್ಯಾಡ್ರಿ, ಜೀವಕ್ಕ ತ್ರಾಸ ಆಗ್ತದ. ಡಾಕ್ಟರು ಹೇಳಿದಂಗ ಮಾಡೋಣು."

ಅಷ್ಟು ವರ್ಷ ನಾವೆಲ್ಲ ಅವನ ಕುಡಿತದ ಬಗ್ಗೆ ಮಾತಾಡಿದ್ದೇನು ಕಡಿಮೆಯೇ? ಆದರೆ ಕಿವಿಯೊಳಗಿನ ಆ ಯಂತ್ರದ ಸದ್ದು ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ಮುಂದಿನ ಸಲ ಆಣೆಯ ಕಥೆ ಹೊರಬಿತ್ತು. ಅದು ಮೂಢನಂಬಿಕೆಯೆಂದು ನಸೀಮಾ ಮೂಗು ಮುರಿಯುತ್ತಾರೆಂದೇ ನಾನೆಣಿಸಿದ್ದೆ. ಅವರು ಕೇಳಿದ್ದು ಇಷ್ಟೇ: "ಆಣಿ ಹಾಕಿಸ್ದಾರು ಯಾರು?"

ಕರೆಸಿದ ಮೇಲೆ ಅವ್ವ ಬಂದಳು. ರೊಟ್ಟಿಯ ಗಂಟು, ಹಣೆಯ ತುಂಬ ವಿಭೂತಿ, ಮುಖದ ತುಂಬ ಸಿಡುಕು. ನಸೀಮಾ ಅವಳ ಪಕ್ಕದಲ್ಲೇ ಕೂತರು. "ಆಯಿ, ಮಗ ಉಳೀಲಿ ಅಂತ ಮಾಡಿಸೀರಿ, ನನಗ ತಿಳೀತದ. ಈಗ ಅದೇ ಆಣಿ ಅವರಿಗಿ ಮನೀಗಿ ಬರ್ಲಿಕ್ಕ ಬಿಡವಲ್ದು. ನೀವು ಹಾಕಿದ್ದು ನೀವೇ ತಗೀಬೇಕು."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಣೆ ಹಾಕಿದವರೇ ಅದನ್ನು ಹಿಂದಕ್ಕೆ ಪಡೆಯಬಹುದೆಂಬುದು ನಮ್ಮ ಹಿರಿಯರದೇ ರೂಢಿ. ಸಿಟ್ಟಿನ ಭರದಲ್ಲಿ ಅದು ನಮಗ್ಯಾರಿಗೂ ನೆನಪಾಗಿರಲಿಲ್ಲ. ಮಗನ ತಲೆಯ ಮೇಲೆ ಕೈಯಿಟ್ಟು ಅವಳೆಂದಳು, "ನನ್ನ ಆಣಿ ನಾ ಹಿಂದಕ ತಗೊಂಡೀನಿ ಮಲ್ಲ್ಯಾ. ಕೂಸಿಗಿ ಏನೂ ಆಗಂಗಿಲ್ಲ. ನೀ ಕುಡದಿದ್ರೂ ಮನೀಗಿ ಬಾ, ಕುಡೀದಿದ್ರೂ ಮನೀಗಿ ಬಾ." ಅಣ್ಣ ಅವಳ ಮಡಿಲಿಗೆ ಮುಖ ಹಾಕಿ ಅತ್ತ. ನಾನು ಹೊರಗೆ ಬಂದು ಆ ಬೋರ್ಡನ್ನು ಮತ್ತೊಮ್ಮೆ ಓದಿದೆ, ಈ ಸಲ ನಗು ಬರಲಿಲ್ಲ.

ಪ್ರೀತಿಯೆಂದುಕೊಂಡು ನಾವು ಎಷ್ಟೋ ಸಲ ಹೆದರಿಕೆಯನ್ನೇ ಉಣಬಡಿಸುತ್ತೇವೆ, ಗೆಳೆಯರೇ. ಬುಡ ಹಿಡಿದುಕೊಳ್ಳದೆ ಎಳೆದರೆ ಸಿಕ್ಕಿನ ಜೊತೆಗೆ ಕೂದಲೂ ಕಿತ್ತು ಬರುತ್ತದೆ. ಅಣ್ಣ ಮಗಳ ತಲೆಗೆ ತೋರಿಸುತ್ತಿದ್ದ ತಾಳ್ಮೆಯನ್ನು ಅವನ ಬದುಕಿಗೆ ತೋರಿಸಲು ಹೊರಗಿನ ಒಬ್ಬ ಹೆಣ್ಣುಮಗಳು ಬರಬೇಕಾಯಿತು. ಆ ತಾಯಿಯ ಋಣ ನಮ್ಮ ಮನೆಯ ಮೇಲಿದೆ. ಅದನ್ನು ತೀರಿಸುವ ಆಸೆಯೂ ನನಗಿಲ್ಲ, ಇದ್ದಷ್ಟು ದಿನ ನೆನೆಯುತ್ತಿರಬೇಕು ಅಷ್ಟೇ.

ಅಣ್ಣ ಗೆದ್ದನೆಂದು ಹೇಳಿ ಕಥೆ ಮುಗಿಸಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಔಷಧಿ ತೆಗೆದುಕೊಳ್ಳುತ್ತಾನೆ, ಆ ಕೋಣೆಗೆ ಹೋಗುತ್ತಾನೆ, ಬಹುಪಾಲು ದೂರವಿರುತ್ತಾನೆ, ಒಮ್ಮೊಮ್ಮೆ ಜಾರುತ್ತಾನೆ. ಮೊನ್ನೆ ದೀಪಾವಳಿಯ ಮರುದಿನ ಅತ್ತಿಗೆ ಫೋನು ಮಾಡಿ, ಹಿಂದಿನ ಸಂಜೆ ಕುಡಿದು ಬಂದಿದ್ದಾನೆಂದಳು. ನಾನು ಸಿಕ್ಕ ರೈಲು ಹತ್ತಿ ವಾಡಿಗೆ ಓಡಿದೆ. ಮತ್ತೆ ಸ್ಟೇಷನ್ನಿನ ಬೆಂಚು ಹಿಡಿದನೇನೋ ಎಂದು ಇಳಿದೊಡನೆ ಪ್ಲಾಟ್‌ಫಾರ್ಮಿನ ಬೆಂಚುಗಳನ್ನೆಲ್ಲ ನೋಡಿದೆ. ಅವನಿರಲಿಲ್ಲ.

ಮನೆಯಲ್ಲಿ ಅಣ್ಣ ಒಳಗೆ ಮಲಗಿದ್ದ. ಶರಣಿ ಅಂಗಳದಲ್ಲಿ ಕುಂಟಾಪಿಲ್ಲೆ ಆಡುತ್ತಿದ್ದಳು. ಒಂದು ಜಡೆ ಮೇಲೆ, ಒಂದು ಕೆಳಗೆ, ಬೈತಲೆ ಹಾವಿನ ಹಾದಿ. "ಯಾರು ಹಾಕ್ಯಾರ ಇದು? ಬಾ, ಬಿಚ್ಚಿ ನೆಟ್ಟಗ ಹಾಕ್ತೀನಿ" ಎಂದೆ.

ಅವಳು ಎರಡೂ ಜಡೆಗಳನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದಳು. "ಬ್ಯಾಡ ಅತ್ತಿ. ಅಪ್ಪಾಜಿ ಹಾಕ್ಯಾರ. ಕೈ ನಡುಗ್ಲಿಕತ್ತಿದ್ವು, ಅದಕ್ಕ ಹಿಂಗ ಆಗ್ಯಾವ."

ಗೂಡಿನಲ್ಲಿ ಆ ಕಟ್ಟಿಗೆಯ ಹಣಿಗೆ. ಅದರ ಹಲ್ಲುಗಳಿಗೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು, ಬಿಡಿಸಿ ಎಸೆಯುವ ಪುರುಸೊತ್ತು ಯಾರಿಗೂ ಆಗಿರಲಿಲ್ಲ. ಅಭ್ಯಾಸಬಲದಿಂದ ಕೈ ಅತ್ತ ಹೋಗಿ ಅದನ್ನು ಎತ್ತಿಕೊಂಡಿತು. ಕೂದಲನ್ನು ಹಾಗೆಯೇ ಬಿಟ್ಟು, ಹಣಿಗೆಯನ್ನು ಇದ್ದಲ್ಲೇ ಇಟ್ಟೆ.