ನತೀಜಾ ಸಾಹೇಬರ ಡಬ್ಬಿ

ಬಳೆ ತೊಡಿಸುವ ನನ್ನ ಕೈಗೆ ಸಬಕಾರ ಹಿಡಿಸಿದ್ದು ಯುದ್ಧ. ಎಲ್ಲೋ ದೂರದಲ್ಲಿ ದೊರೆಗಳು ಬಡಿದಾಡಿದರು, ಇಲ್ಲಿ ಸುರಪುರದಲ್ಲಿ ನನ್ನ ಬುಟ್ಟಿಗೆ ಗಾಜಿನ ಬಳೆ ಬರುವುದು ನಿಂತಿತು. ಗಂಡನೆಂಬ ಮಹಾನುಭಾವ ಅದಕ್ಕೂ ಮೊದಲೇ ನಾಟಕ ಕಂಪನಿಯೊಂದರ ಹಿಂದೆ ಹೋಗಿ ಯಾವ ಊರಲ್ಲೋ ರಾಜನ ಪಾರ್ಟು ಮಾಡಿಕೊಂಡಿದ್ದ. ನನಗೂ ಏಳು ವರ್ಷದ ಮಗಳಿಗೂ ಉಳಿದದ್ದು ಅಣ್ಣನ ಮನೆ. ಅಲ್ಲಿ ಅತ್ತಿಗೆ ರೊಟ್ಟಿ ಬಡಿಸುವಾಗ ನನ್ನ ಮಗಳ ಕೈಯನ್ನೇ ನೋಡುತ್ತಿದ್ದಳು, ಎರಡನೆಯ ರೊಟ್ಟಿಗೆ ಎಲ್ಲಿ ಚಾಚುತ್ತದೋ ಎಂದು. ಮಗಳು ಹಸಿವಾಗಿದ್ದರೂ ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿತಳು. ಅದನ್ನು ಕಂಡ ದಿನ ನನ್ನ ಮೈಯೆಲ್ಲ ಉರಿದುಹೋಯಿತು.

ಯಾದಗಿರಿಯಲ್ಲಿ ಶೇಂಗಾ ಎಣ್ಣೆಯಿಂದ ಬಟ್ಟೆ ಒಗೆಯುವ ಸಬಕಾರ ಮಾಡುವ ಕಂಪನಿ ಶುರುವಾಗಿದೆ, ಮನೆಮನೆಗೆ ಹೋಗಿ ಮಾರುವವರು ಬೇಕಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಮಗಳನ್ನು ಎಳೆದುಕೊಂಡು ಹೊರಟೆ.

ಮ್ಯಾನೇಜರ ಸಾಹೇಬರು ಹೈದರಾಬಾದಿನವರು. ಕೆಂಪು ಟೋಪಿ, ಇಸ್ತ್ರಿ ಮಾಡಿದ ಶೇರವಾನಿ. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, ನತೀಜಾ. ಅಂದರೆ ಫಲ, ಕೊನೆಗೆ ಕೈಗೆ ಸಿಕ್ಕಿದ್ದೇನು ಎಂಬ ಲೆಕ್ಕ. ಸಲಾಂ ಎಂದರೂ ನತೀಜಾ ಕೇಳುವರು, ಸೀನಿದರೂ ನತೀಜಾ ಕೇಳುವರು. ಅವರ ಹೆಸರೇ ಮರೆತು ನಾವು ನತೀಜಾ ಸಾಹೇಬ ಎಂದೇ ಕರೆಯುತ್ತಿದ್ದೆವು, ಅವರ ಬೆನ್ನ ಹಿಂದೆ.

"ಹೆಣ್ಮಗಳು ನೀನು. ಮಾರಾಟ ಬರ್ತದೇನು?" ಎಂದರು.

"ಹತ್ತು ಮಾರು ದೂರ ನಿಂತು ಕೈ ನೋಡಿದ್ರ ಬಳಿ ಅಳತಿ ಹೇಳ್ತೀನ್ರಿ ಸಾಹೇಬ್ರ. ನಿಮ್ಮ ಕೈಗೆ ಎರಡೂವರಿ ಬಳಿ ಬರ್ತಾವ್ರಿ. ಸ್ವಲ್ಪ ಬಿಗಿ ಆಗ್ತಾವ."

ಅವರು ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. ಕೆಲಸ ಸಿಕ್ಕಿತು, ಆದರೆ ಕಚ್ಚಾ ಕೆಲಸ. ಪಕ್ಕಾ ಆಗಬೇಕಾದರೆ ನತೀಜಾ ತೋರಿಸಬೇಕು.

ಮಾರುವವರು ನಾವು ಆರು ಜನ. ಐವರು ಗಂಡಸರು, ಆರನೆಯವಳು ನಾನು. ಶುಕ್ರವಾರ ರಜೆ, ಹಾಗಾಗಿ ಜುಮೇರಾತ್ ಅಂದರೆ ಗುರುವಾರ ಸಂಜೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಸಾಹೇಬರು ಕರಿ ಹಲಗೆಯ ಮೇಲೆ ಯಾರು ಎಷ್ಟು ಸಬಕಾರ ಮಾರಿದರೆಂದು ಬರೆಯುವರು. ಮೊದಲು ಬಂದವನು ಸ್ಟೂಲಿನ ಮೇಲೆ ನಿಲ್ಲುವನು, ಉಳಿದವರು ಚಪ್ಪಾಳೆ ತಟ್ಟಬೇಕು. ಕೊನೆಗೆ ಬಂದವನ ಕೈಗೆ ಒಂದು ತಗಡಿನ ಡಬ್ಬಿ, ಒಂದು ಕೋಲು. ಅವನು ಡಬ್ಬಿ ಬಾರಿಸುತ್ತ ಅಂಗಳ ಸುತ್ತಬೇಕು. ಮೂರು ಸಲ ಡಬ್ಬಿ ಬಾರಿಸಿದವರು ಗಂಟು ಕಟ್ಟಿಕೊಂಡು ಮನೆಗೆ.

ಹೀಗೆ ಮಾಡಿದರೆ ನಮ್ಮ ರಕ್ತ ಬಿಸಿಯಾಗುತ್ತದೆ ಎಂದು ಸಾಹೇಬರ ನಂಬಿಕೆ. ಆಯಿತು, ಸುಳ್ಳಲ್ಲ. ಒಬ್ಬ ಈ ಸಬಕಾರದಿಂದ ಒಗೆದರೆ ಹೋದ ಜನ್ಮದ ಪಾಪವೂ ಹೋಗುತ್ತದೆ ಎಂದು ಸಾರಿದ. ಇನ್ನೊಬ್ಬ ಒಂದೇ ಮನೆಗೆ ದಿನಕ್ಕೆ ಮೂರು ಸಲ ಹೋಗಿ ನಾಯಿ ಕಚ್ಚಿಸಿಕೊಂಡ. ಪುಣ್ಯಾತ್ಮ ಆ ಹರಿದ ಧೋತರವನ್ನೇ ನಮ್ಮ ಸಬಕಾರದಲ್ಲಿ ಒಗೆದು, ರಕ್ತದ ಕಲೆ ಹೋಯಿತೋ ಇಲ್ಲವೋ ನೋಡಿ ಎಂದು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದ. ನಾನು ನಗುನಗುತ್ತಲೇ ಬುಟ್ಟಿ ಹೊತ್ತೆ. ನಾಲ್ಕು ದಿನ ಯಾದಗಿರಿಯ ಓಣಿಗಳು, ಎರಡು ದಿನ ಹೊಳೆ ದಾಟಿ ಶಹಾಪುರ, ಸುರಪುರ. ಆ ಎರಡು ದಿನ ಮಗಳು ನಾವು ಬಾಡಿಗೆಗಿದ್ದ ಮನೆಯ ಒಡತಿಯ ಹತ್ತಿರ ಇರುತ್ತಿದ್ದಳು. ಶಾಲೆಗೂ ಸೇರಿದ್ದಳು, ಮನೆಗೆ ಬಂದು ಎರಡು ರೊಟ್ಟಿ ಕೇಳಿ ತಿನ್ನುತ್ತಿದ್ದಳು.

ಆದರೆ ಬಳೆಗಾರ್ತಿಯ ಬುದ್ಧಿ ಸುಟ್ಟರೂ ಹೋಗದು. ನಮ್ಮಲ್ಲಿ ಅಳೆದು ಕೊಟ್ಟ ಮೇಲೆ, ಮೇಲೊಂದಿಷ್ಟು ಕೊಸರು ಹಾಕದೆ ವ್ಯಾಪಾರ ಮುಗಿಯುವುದಿಲ್ಲ. ಡಜನ್ ಬಳೆಗೆ ಒಂದು ಬಳೆ ಕೊಸರು. ಬಳೆ ಕೊಳ್ಳದ ಮನೆಯಲ್ಲೂ ಕೂಸಿನ ಕೈಗೆ ಒಂದು ಹಾಕಿಯೇ ಎದ್ದು ಬರುತ್ತಿದ್ದೆ. ಸಬಕಾರಕ್ಕೂ ಹಾಗೇ ಮಾಡಿದೆ. ಒಂದು ಉದ್ದ ಸಬಕಾರವನ್ನು ತಂತಿಯಿಂದ ಬೆರಳಗಲ ಚೂರು ಮಾಡಿ, ಕೊಂಡವರಿಗೂ ಕೊಳ್ಳದವರಿಗೂ ಒಂದೊಂದು.

"ಮದ್ಲ ಒಗದು ನೋಡ್ತೀವಿ ಯಕ್ಕಾ. ಪಂಚಮಿ ಆಗ್ಲಿ," ಎನ್ನುತ್ತಿದ್ದರು ಶಹಾಪುರದ ಹೆಂಗಸರು. ಅದುವರೆಗೆ ಸವಳು ಮಣ್ಣಿನಲ್ಲಿ ಸೀರೆ ತಿಕ್ಕಿದವರು ಅವರು, ಒಂದೇ ಮಾತಿಗೆ ನಂಬುತ್ತಾರೆಯೇ? ಬುಟ್ಟಿ ಖಾಲಿಯಾಗುತ್ತಿತ್ತು, ಹಲಗೆಯ ಮೇಲೆ ಮಾತ್ರ ನಾನು ಕೊನೆಗೆ.

ಮೊದಲ ಜುಮೇರಾತ್ ಡಬ್ಬಿ ನನಗೇ ಬಂತು. ಮದುವೆ ಮೆರವಣಿಗೆಯಲ್ಲಿ ಚರ್ಮದ ಹಲಗಿ ಬಾರಿಸಿದ ಹಾಗೆ ಬಾರಿಸಿದೆ, ಹೊರಗೆ ನಗು, ಒಳಗೆ ಕೆಂಡ. ಸಾಹೇಬರು ಕರೆದು ಕೇಳಿದರು.

"ಇಷ್ಟು ಮಾಲ್ ಎಲ್ಲಿಗೆ ಹೋತು?"

"ಕೊಸರು ಕೊಟ್ಟೀನ್ರಿ."

"ಕಂಪನ್ಯಾಗ ಕೊಸರು ಇಲ್ಲ."

"ಕೊಸರು ಇಲ್ಲದ ಯಾಪಾರ ಅಂದ್ರ ಉಪ್ಪಿಲ್ಲದ ಅಡಗಿ ಆತಲ್ರಿ."

"ಬಾತಾಂ ಬ್ಯಾಡ, ಮಾತು ಸಾಕು, ನತೀಜಾ ಬೇಕು," ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಎರಡನೆಯ ಜುಮೇರಾತೂ ಡಬ್ಬಿ ನನ್ನದೇ. ಇನ್ನೊಂದು ಸಲ ಆದರೆ ಸುರಪುರ, ಅಣ್ಣನ ಮನೆ, ಅತ್ತಿಗೆಯ ಕಣ್ಣು. ಈ ವಾರ ಕೊಸರಿನ ಚೂರು ಯಾರಿಗೂ ಇಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದೆ. ರಜೆ ಮುಗಿದ ಮರುದಿನವೇ ಶಹಾಪುರದಲ್ಲಿ ಒಬ್ಬ ಅಜ್ಜಿ ಸಬಕಾರ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿ, ಮತ್ತೆ ಅಂಗೈ ಚಾಚಿದಳು. ಚಾಚಿದ ಕೈಯನ್ನು ನೋಡುತ್ತ ಹೇಗೆ ಕುಳಿತಿರಲಿ? ನಾನೇನು ನನ್ನ ಅತ್ತಿಗೆಯೇ? ತಂತಿ ತೆಗೆದೆ. ಆಣೆಯೂ ಹೋಯಿತು, ಸಬಕಾರವೂ ಹೋಯಿತು.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಸೊಸೆಯಂದಿರೆಲ್ಲ ಉಂಡಿ ಕಟ್ಟಿಕೊಂಡು ತವರಿಗೆ ಹೋಗಿಬಿಟ್ಟರು. ಯಾವ ಮನೆ ಬಾಗಿಲಲ್ಲಿ ನಿಂತರೂ "ಆಕಿ ತವರಿಗೆ ಹೋಗ್ಯಾಳ" ಎಂಬ ಉತ್ತರ. ಆ ವಾರ ನಾನು ಮಾರಿದ್ದು ಇಲ್ಲವೆನ್ನುವಷ್ಟು. ಜುಮೇರಾತ್ ಬೆಳಿಗ್ಗೆಯೇ ಗಂಟು ಕಟ್ಟಿಟ್ಟೆ. ಮಗಳು ತನ್ನ ಶಾಲೆಯ ಪಾಟಿಯನ್ನು ತಾನೇ ತಂದು ಗಂಟಿನಲ್ಲಿ ಇಟ್ಟಳು.

ಸಂಜೆ ಸಾಹೇಬರು ಡಬ್ಬಿ ಕೊಟ್ಟರು. ಅವರ ಮುಖವೂ ಸಪ್ಪಗಿತ್ತು. ನಾನು ಬಾರಿಸುತ್ತ ಅಂಗಳ ಸುತ್ತಿ ಗೇಟಿನ ಹತ್ತಿರ ಬರುವಾಗ ಮುದನಾಳ ಎಂಬ ಹಳ್ಳಿಯ ಒಂದು ಬಂಡಿ ಬಂದು ನಿಂತಿತು. ಅದರಿಂದ ಒಬ್ಬ ಅಂಗಡಿಯವನು ಇಳಿದ.

"ಬಳಿಗಾರ್ತಿ ಸಬಕಾರ ಬೇಕ್ರಿ. ಬಂಡಿ ತುಂಬ ಕೊಡ್ರಿ."

ಸಾಹೇಬರು ಹುಬ್ಬು ಗಂಟಿಕ್ಕಿದರು. "ಆ ಹೆಸರಿನ ಮಾಲ್ ನಮ್ಮಲ್ಲಿ ಇಲ್ಲ. ನಮ್ಮ ಸಬಕಾರದ ಹೆಸರು ಶಾಹಿ, ಅಂದ್ರ ರಾಜರದ್ದು. ಬ್ಯಾರೆ ಕಡಿ ನೋಡ್ರಿ."

ಪಾಪ, ಆತ ಸರಿ ಎಂದು ಬಂಡಿ ಹತ್ತಿ ಎತ್ತು ತಿರುಗಿಸಿಬಿಟ್ಟ! ನಾನು ಡಬ್ಬಿ ಹಿಡಿದೇ ಓಡಿದೆ. ಎತ್ತಿನ ಮುಂದೆ ನಿಂತು ಡಬ್ಬಿಯನ್ನು ದಬದಬ ಬಡಿದೆ. ಎತ್ತುಗಳು ಬೆದರಿದವು, ಬಂಡಿ ಅಡ್ಡ ತಿರುಗಿತು, ಅಂಗಡಿಯವನು ಹುಲ್ಲಿನ ಮೇಲೆ ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಜೇಬಿನೊಳಗಿಂದ ಒಂದು ಬಟ್ಟೆ ಚೂರು ತೆಗೆದ. ಅದರಲ್ಲಿ ಉಗುರಿನಷ್ಟು ಸವೆದ ಸಬಕಾರ.

"ಹಬ್ಬಕ್ಕ ಮಗಳು ಶಹಾಪುರದಿಂದ ತಂದಾಳ್ರಿ. ಬಳಿಗಾರ್ತಿ ಕೊಸರು ಕೊಟ್ಟಿದ್ಲಂತ. ಊರಿನ ಹೆಂಗಸರೆಲ್ಲ ಇದ ಬೇಕಂತ ನನ್ನ ಅಂಗಡಿ ಮುಂದ ಕುಂತಾರ್ರಿ."

ಸಾಹೇಬರು ಅದನ್ನು ಮೂಗಿಗೆ ಹಿಡಿದರು, ಬೆಳಕಿಗೆ ಹಿಡಿದರು. ತಮ್ಮ ಸಬಕಾರವೇ. "ಮುದನಾಳ ಯಾರ ನತೀಜಾ?" ಎಂದು ಸಾಲಿನ ಕಡೆ ತಿರುಗಿದರು.

"ನಂದ್ರಿ," ಎಂದರು ಐವರೂ ಒಟ್ಟಿಗೆ. ನಾಯಿ ಕಚ್ಚಿಸಿಕೊಂಡವನು, "ಅಲ್ಲೇ ಕಚ್ಚಿದ್ದು ನೋಡ್ರಿ ಸಾಹೇಬ್ರ," ಎಂದು ಧೋತರ ಎತ್ತಿ ತೋರಿಸಿದ. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರೂ ನಕ್ಕರು. ಅವರಿಗೂ ಹಲ್ಲಿವೆ ಎಂದು ನಮಗೆ ಅವತ್ತೇ ಗೊತ್ತಾದದ್ದು. ಮರುದಿನ ರಜೆಯೆಂದೂ ನೋಡದೆ ದೋರನಹಳ್ಳಿಯ ಅಂಗಡಿಯವನು ಬಂದು ಗೇಟು ಬಡಿದ, ಆಮೇಲಿನ ವಾರ ಹುಣಸಗಿಯವನು ಬಂದ.

ಆ ಜುಮೇರಾತ್ ಸಂಜೆಯೇ ಸಾಹೇಬರು ಹಲಗೆಯನ್ನು ತಮ್ಮ ಶೇರವಾನಿ ತೋಳಿನಿಂದಲೇ ಒರೆಸಿದರು. ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದರು.

"ನಿನ್ನ ಕೆಲಸ ಪಕ್ಕಾ. ಸಾಕೇನು?"

ಅಂಗೈ ಚಾಚಿದೆ. "ಅದು ಅಳತಿ ಆತ್ರಿ. ಕೊಸರು?"

"ಏನ್ ಬೇಕು?"

"ಈ ಡಬ್ಬಿ."

ಹಲಗೆ ಒರೆಸುವ ಮೊದಲು ನನ್ನ ಹೆಸರಿನ ಮೇಲೆ ಇದ್ದದ್ದು ನಾಯಿ ಕಚ್ಚಿಸಿಕೊಂಡವನ ಹೆಸರು, ಡಬ್ಬಿ ಬಾರಿಸುವ ಮುಂದಿನ ಸರದಿ ಅವನದೇ. ಅವನು ಧೋತರ ಇಳಿಸಿಕೊಂಡು ನೆಲ ನೋಡುತ್ತಿದ್ದ. ಸಾಹೇಬರು ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. "ಒಯ್ಯಿ," ಎಂದರು.

ಆಮೇಲೆ ಆ ಅಂಗಳದಲ್ಲಿ ಯಾರೂ ಡಬ್ಬಿ ಬಾರಿಸಲಿಲ್ಲ. ಮಾರಾಟವೇನೂ ನಿಲ್ಲಲಿಲ್ಲ. ಮಗಳಿಂದಲೇ ಅಕ್ಷರ ಕಲಿತು ಇದನ್ನೆಲ್ಲ ಬರೆಯುತ್ತಿದ್ದೇನೆ. ನೆಗ್ಗಿದ ಆ ಡಬ್ಬಿಯಲ್ಲೇ ಇವತ್ತಿಗೂ ಜೋಳದ ಹಿಟ್ಟು ಅಳೆಯುತ್ತೇನೆ. ತುಂಬ ಅಳೆದು, ಮೇಲೊಂದು ಹಿಡಿ ಹಾಕುತ್ತೇನೆ. ನಮ್ಮ ಮನೆಯಲ್ಲಿ ಉಣ್ಣುವವರ ಕೈಯನ್ನು ಯಾರೂ ನೋಡುವುದಿಲ್ಲ.