ಒಂದನೇ ನಂಬರಿನ ಜುಲ್ಫಿಕರ್

ತಿಪಟೂರಿನ ಕೊಬ್ಬರಿ ಮಂಡಿಗಳ ಸಾಫ್ಟ್‌ವೇರ್ ಕಾಯುವ ಜುಲ್ಫಿಕರ್ ಸಾಹೇಬರು ಗೋಡೆಗಳ ಚಕ್ರವರ್ತಿ. ಅವರ ರಾಜ್ಯದಲ್ಲಿ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಕಂಟೇನರ್, ಅಂದರೆ ಕಂಪ್ಯೂಟರಿನೊಳಗೇ ಗೋಡೆ ಕಟ್ಟಿದ ಪ್ರತ್ಯೇಕ ಕೋಣೆ. ಅಟ್ಟದ ಮೇಲಿನ ತೆಂಗಿನಕಾಯಿಯಂತೆ, ಒಳಗಿನ ಕೊಬ್ಬರಿಗೆ ಪಕ್ಕದ ಕಾಯಿಯ ಸುದ್ದಿಯೇ ತಿಳಿಯದು. ಪ್ರತಿ ಕಂಟೇನರಿನಲ್ಲೂ ಮೊದಲು ಎದ್ದ ಕೆಲಸಕ್ಕೆ ಒಂದನೇ ನಂಬರ್. "ಅವರವರ ಮನೇಲಿ ಅವರವರೇ ಯಜಮಾನ್ರು ಕಣಮ್ಮ, ಇಣುಕಬಾರ್ದು" ಎಂದು ಜೊತೆಗೆ ಕೆಲಸ ಮಾಡುವ ಪದ್ಮಶ್ರೀಗೆ ದಿನಕ್ಕೆ ಮೂರು ಸಲ ಉಪದೇಶಿಸುವರು. ತಮ್ಮ ಪ್ರೋಗ್ರಾಮ್ ಮುನಿಸಿಕೊಂಡರೆ ಕಣ್ಣು ಮುಚ್ಚಿಕೊಂಡೇ 'ಒಂದನ್ನು ನಿಲ್ಲಿಸು' ಎಂದು ಒತ್ತಿ ಗಡ್ಡ ನೀವಿಕೊಳ್ಳುವರು; ಅದು ತಾನಾಗಿ ಎದ್ದು ಕೂರುವುದು. ಮೊನ್ನೆ ಪದ್ಮಶ್ರೀಯ ಕೆಲಸವನ್ನು ಇಣುಕಿ ನೋಡುವ ಚಪಲಕ್ಕೆ ತಾವೇ ಗೋಡೆ ತೆಗೆದು, ತಮ್ಮ ಪ್ರೋಗ್ರಾಮನ್ನು ಅವಳ ಕಂಟೇನರಿನ ಜೊತೆ ಸೇರಿಸಿದರು. ಮತ್ತೆ ಬೇರ್ಪಡಿಸಲು ಮರೆತು, ತಮ್ಮದು ಮುನಿಸಿಕೊಂಡಾಗ ಎಂದಿನಂತೆ 'ಒಂದನ್ನು ನಿಲ್ಲಿಸು' ಎಂದು ಒತ್ತಿದರು. ಕೂಡಿದ ಮನೆಯಲ್ಲಿ ಒಂದನೇ ನಂಬರ್, ಮೊದಲೇ ಎದ್ದಿದ್ದ ಅವಳ ಹರಾಜಿನ ಪ್ರೋಗ್ರಾಮಿನದಾಗಿತ್ತು; ನಿಂತದ್ದು ಅದೇ. ಹರಾಜಿನ ನಡುವೆ ಮಂಡಿಯ ಪರದೆ ಕಪ್ಪಾಯಿತು. ಮಂಡಿಯವರ ಬೈಗುಳ ತಿಂದು ಬಂದ ಪದ್ಮಶ್ರೀ, ತಪ್ಪು ತನ್ನದೇ ಎಂದುಕೊಂಡು ಕೇಳಿದಳು: "ನನ್ನಿಂದ ನಿಮ್ಮದಕ್ಕೇನೂ ತೊಂದ್ರೆ ಆಗ್ಲಿಲ್ಲ ತಾನೇ ಸಾರ್?" "ಇಲ್ಲ ಬುಡಮ್ಮ, ಆಯ್ತದೆ" ಎಂದು ಚಕ್ರವರ್ತಿಗಳು ಕ್ಷಮಿಸಿದರು. ಈಗ 'ಇಣುಕಬಾರ್ದು' ಎಂಬ ಅವರ ಉಪದೇಶವನ್ನು ಅವಳು ಚೀಟಿಯಲ್ಲಿ ಬರೆದು ತನ್ನ ಪರದೆಗೆ ಅಂಟಿಸಿಕೊಂಡಿದ್ದಾಳೆ. ಸಾಹೇಬರು ಅತ್ತ ಇಣುಕುವುದೇ ಇಲ್ಲ.